ಭಯ ಬಿತ್ತುವ ಮಾತು ಕಿವಿಗೆ ಬಿದ್ದಾಗ: ಕೇಳುಗರಿಗೊಂದು ಮಾರ್ಗದರ್ಶಿ

2012ರ ಆಗಸ್ಟ್ ತಿಂಗಳ ಮಧ್ಯದಲ್ಲಿ ಬೆಂಗಳೂರಿನ ಸಿಟಿ ರೈಲು ನಿಲ್ದಾಣ ಈಶಾನ್ಯ ರಾಜ್ಯಗಳ ಯುವಕ ಯುವತಿಯರಿಂದ ತುಂಬಿಹೋಯಿತು. ಹೋಟೆಲುಗಳಲ್ಲಿ, ಬ್ಯೂಟಿ ಪಾರ್ಲರುಗಳಲ್ಲಿ, ಸೆಕ್ಯುರಿಟಿ ಕೆಲಸದಲ್ಲಿ, ಕಾಲೇಜುಗಳಲ್ಲಿ ಇದ್ದವರು ಕೈಗೆ ಸಿಕ್ಕ ಬ್ಯಾಗು ಹಿಡಿದು ಗುವಾಹಟಿಯ ರೈಲು ಹತ್ತಿದರು. ಆ ವರ್ಷದ ಜುಲೈನಲ್ಲಿ ಅಸ್ಸಾಮಿನ ಕೊಕ್ರಾಝಾರ್ ಭಾಗದಲ್ಲಿ ಬೋಡೊ ಬುಡಕಟ್ಟಿನವರ ಮತ್ತು ಮುಸ್ಲಿಮರ ನಡುವೆ ನಡೆದ ಹಿಂಸಾಚಾರಕ್ಕೆ ಸೇಡಾಗಿ, ರಂಜಾನ್ ಮುಗಿದೊಡನೆ ಬೆಂಗಳೂರಿನಲ್ಲಿರುವ ಈಶಾನ್ಯದವರ ಮೇಲೆ ದಾಳಿಯಾಗಲಿದೆ ಎಂಬ ಎಸ್ಸೆಮ್ಮೆಸ್ಸುಗಳು ಫೋನಿನಿಂದ ಫೋನಿಗೆ ಹರಿದಾಡಿದ್ದವು. ಬೇರೆ ದೇಶದ, ಬೇರೆ ಸಂದರ್ಭದ ಚಿತ್ರಗಳೂ ಅವುಗಳ ಜೊತೆ ಸೇರಿಕೊಂಡಿದ್ದವು. ಕೆಲವೇ ದಿನಗಳಲ್ಲಿ ಸುಮಾರು 30,000 ಜನ ನಗರ ಬಿಟ್ಟರೆಂದು ಆಗ ವರದಿಯಾಯಿತು. ವಿಶೇಷ ರೈಲುಗಳನ್ನು ಓಡಿಸಬೇಕಾಯಿತು. ಐದಕ್ಕಿಂತ ಹೆಚ್ಚು ಜನರಿಗೆ ಒಟ್ಟಿಗೆ ಎಸ್ಸೆಮ್ಮೆಸ್ ಕಳಿಸುವುದನ್ನು ಕೇಂದ್ರ ಸರ್ಕಾರ ದೇಶದಾದ್ಯಂತ 15 ದಿನಗಳ ಮಟ್ಟಿಗೆ ನಿಷೇಧಿಸಿತು. ಆ ಸಂದೇಶಗಳು ಹೇಳಿದ್ದ ಸಾಮೂಹಿಕ ದಾಳಿ ಮಾತ್ರ ನಡೆಯಲೇ ಇಲ್ಲ.

ಆ ಸಂದೇಶಗಳನ್ನು ಮುಂದಕ್ಕೆ ಕಳಿಸಿದವರೆಲ್ಲ ಕೇಡು ಬಯಸಿದವರಲ್ಲ. ಅಕ್ಕ ತಮ್ಮನಿಗೆ, ಗೆಳತಿ ಗೆಳತಿಗೆ, ಒಂದೇ ಊರಿನಿಂದ ಬಂದವನು ಇನ್ನೊಬ್ಬನಿಗೆ 'ಹುಷಾರಾಗಿರು' ಎಂಬ ಕಾಳಜಿಯಿಂದ ಕಳಿಸಿದ್ದೂ ಅದರಲ್ಲಿತ್ತು. ಹಾನಿಕರ ಮಾತು ಎಂದೊಡನೆ ವೇದಿಕೆಯ ಮೇಲೆ ನಿಂತು ಕೂಗುವ ಭಾಷಣಕಾರನೇ ನಮ್ಮ ಕಣ್ಣ ಮುಂದೆ ಬರುತ್ತಾನೆ. ಆದರೆ ಅವನ ಮಾತನ್ನು ಮನೆಮನೆಗೆ ಮುಟ್ಟಿಸುವುದು ನಮ್ಮ ನಿಮ್ಮಂಥವರ ಕಾಳಜಿ ಮತ್ತು ಕಳವಳ. ಅಂಥ ಮಾತು ದ್ವೇಷಕ್ಕಿಂತ ಮೊದಲು ಭಯವನ್ನು ಹುಟ್ಟಿಸುತ್ತದೆ. ಭಯಗೊಂಡವನಿಗೆ ತಾನು ಮಾಡುವುದೆಲ್ಲ ಆತ್ಮರಕ್ಷಣೆಯೆಂದೇ ತೋರುತ್ತದೆ. ಸುತ್ತಲಿನವರು ಸುಮ್ಮನಿದ್ದರೆ ಆ ಮೌನವನ್ನು ಅವನು ಒಪ್ಪಿಗೆಯೆಂದು ತಿಳಿಯುತ್ತಾನೆ. ಈ ಕಾರಣಕ್ಕಾಗಿ ಈ ಲೇಖನವನ್ನು ಮಾತನಾಡುವವರಿಗಲ್ಲ, ಕೇಳುವವರಿಗಾಗಿ ಬರೆದಿದ್ದೇನೆ: ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ, ಅಪಾರ್ಟ್‌ಮೆಂಟಿನ ಸಂಘದಲ್ಲಿ, ಹಳ್ಳಿಯ ಅರಳಿಕಟ್ಟೆಯಲ್ಲಿ, ಆಟೊ ನಿಲ್ದಾಣದಲ್ಲಿ ಇಂಥ ಮಾತು ಕಿವಿಗೆ ಬಿದ್ದು, ಏನು ಮಾಡಬೇಕೆಂದು ತಿಳಿಯದೆ ಕುಳಿತವರಿಗಾಗಿ.

ಮೊದಲು, ಮನಸ್ಸಿನೊಳಗೆ ಏನು ನಡೆಯುತ್ತದೆಂದು ತಿಳಿದುಕೊಳ್ಳಿ

ಇದನ್ನು ತಿಳಿಯದೆ ಮುಂದಿನ ಹೆಜ್ಜೆಗಳಿಗೆ ಹೋದರೆ ಅವು ಬರಿಯ ಸಲಹೆಗಳಾಗಿ ಉಳಿದುಬಿಡುತ್ತವೆ. 1970ರ ಸುಮಾರಿಗೆ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಮನೋವಿಜ್ಞಾನಿ ಹೆನ್ರಿ ತಾಜ್‌ಫೆಲ್ ಶಾಲಾ ಹುಡುಗರನ್ನು ಎರಡು ಗುಂಪುಗಳಾಗಿ ವಿಂಗಡಿಸಿದರು. ಇಬ್ಬರು ಚಿತ್ರಕಾರರಲ್ಲಿ ಯಾರ ಚಿತ್ರ ನಿಮಗೆ ಹಿಡಿಸಿತು ಎಂಬಷ್ಟೇ ವ್ಯತ್ಯಾಸವನ್ನು ಆ ವಿಂಗಡಣೆಗೆ ಕಾರಣವೆಂದು ಹೇಳಲಾಗಿತ್ತು. ನಿಜಕ್ಕೂ ಅದಕ್ಕೆ ಯಾವ ಆಧಾರವೂ ಇರಲಿಲ್ಲ. ಆ ಹುಡುಗರಿಗೆ ಹಣ ಹಂಚುವ ಅವಕಾಶ ಸಿಕ್ಕಾಗ ಅವರು ತಮ್ಮ ಗುಂಪಿನವರಿಗೆ ಹೆಚ್ಚು ಕೊಟ್ಟರು. ಅಷ್ಟೇ ಅಲ್ಲ, ತಮ್ಮವರಿಗೆ ಒಟ್ಟಿನಲ್ಲಿ ಕಡಿಮೆ ದಕ್ಕಿದರೂ ಸರಿ, ಎದುರು ಗುಂಪಿಗಿಂತ ಹೆಚ್ಚು ದಕ್ಕಲಿ ಎಂಬ ಒಲವನ್ನೂ ತೋರಿಸಿದರು. ಅವರ ನಡುವೆ ಹಳೆಯ ಜಗಳವಿರಲಿಲ್ಲ, ಗಡಿ ತಕರಾರಿರಲಿಲ್ಲ, ನೀರಿನ ಹಂಚಿಕೆಯ ಪ್ರಶ್ನೆಯಿರಲಿಲ್ಲ. 'ನಾವು', 'ಅವರು' ಎಂಬ ಎರಡು ಪದಗಳಿಗೇ ಇಷ್ಟು ಬಲವಿದ್ದರೆ, ಶತಮಾನಗಳ ಜಾತಿ, ಮತ, ಭಾಷೆಗಳ ಗೆರೆಗಳ ಮೇಲೆ ಅದೇ ಪದಗಳನ್ನು ಆಡುವವನ ಕೈಯಲ್ಲಿ ಎಷ್ಟು ಬಲವಿರುತ್ತದೆಂದು ಯೋಚಿಸಿ.

ಅಮೆರಿಕದ ಆಲ್ಬರ್ಟ್ ಬಂಡೂರಾ ಮತ್ತು ಅವರ ಸಹೋದ್ಯೋಗಿಗಳು 1975ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕಿಂತ ಹೆಚ್ಚು ಕಳವಳ ಹುಟ್ಟಿಸುತ್ತದೆ. ಭಾಗವಹಿಸಿದವರು ಇನ್ನೊಂದು ಕೋಣೆಯಲ್ಲಿರುವವರಿಗೆ ತಪ್ಪಿಗೆ ಶಿಕ್ಷೆಯಾಗಿ ವಿದ್ಯುತ್ ಆಘಾತ ಕೊಡಬೇಕಿತ್ತು. ಆಘಾತ ನಿಜವಾದದ್ದಲ್ಲ, ಕೊಡುವವರಿಗೆ ಅದು ಗೊತ್ತಿರಲಿಲ್ಲ. ಆಚೆ ಇರುವವರನ್ನು ಪ್ರಾಣಿಗಳಿಗೆ ಹೋಲಿಸುವ ಒಂದು ಮಾತು, ಆಕಸ್ಮಿಕವೆಂಬಂತೆ ಕೆಲವರ ಕಿವಿಗೆ ಬೀಳುವ ಹಾಗೆ ಮಾಡಲಾಗಿತ್ತು. ಆ ಒಂದು ಮಾತನ್ನು ಕೇಳಿಸಿಕೊಂಡವರು ಉಳಿದವರಿಗಿಂತ ತೀವ್ರವಾದ ಆಘಾತ ಕೊಟ್ಟರು. ಅವರಿಗೆ ಯಾರೂ 'ಹೆಚ್ಚು ಶಿಕ್ಷಿಸಿ' ಎಂದು ಹೇಳಿರಲಿಲ್ಲ. ಎದುರಿಗಿರುವವನು ಮನುಷ್ಯನೆಂಬ ಅರಿವು ನಮ್ಮ ಕೈಯನ್ನು ತಡೆದು ಹಿಡಿದಿರುತ್ತದೆ. ಒಂದು ಹೋಲಿಕೆ ಸಾಕು, ಆ ಹಿಡಿತ ಸಡಿಲವಾಗಲು.

ಮೂರನೆಯದು ಪುನರುಕ್ತಿಯ ಕೆಲಸ. ಒಂದೇ ಹೇಳಿಕೆಯನ್ನು ಮತ್ತೆ ಮತ್ತೆ ಕೇಳಿದವರಿಗೆ ಅದು ಹೆಚ್ಚು ನಿಜವೆಂದು ತೋರುತ್ತದೆಂಬುದನ್ನು 1977ರಿಂದಲೂ ಸಂಶೋಧಕರು ತೋರಿಸುತ್ತ ಬಂದಿದ್ದಾರೆ. ಪರಿಚಿತವಾದುದನ್ನು ಮನಸ್ಸು ಸತ್ಯವೆಂದು ಎಣಿಸುತ್ತದೆ. ಒಂದೇ ಫಾರ್ವರ್ಡ್ ಐದು ಗುಂಪುಗಳಿಂದ ಬಂದಾಗ 'ಇಷ್ಟು ಜನ ಹೇಳುತ್ತಿದ್ದಾರೆಂದರೆ ಏನೋ ಇರಬೇಕು' ಎನ್ನಿಸುವುದು ಹೀಗೆ. ಐದು ಕಡೆಯಿಂದ ಬಂದರೂ ಅದರ ಮೂಲ ಒಂದೇ ಎಂಬುದನ್ನು ನಾವು ಮರೆತಿರುತ್ತೇವೆ.

ಈ ಮೂರೂ ಒಟ್ಟಿಗೆ ಕೂಡಿದ ಜಾಗ ಆಫ್ರಿಕಾದ ರುವಾಂಡ. 1993ರ ಜುಲೈನಲ್ಲಿ ಅಲ್ಲಿ ಆರ್‌ಟಿಎಲ್‌ಎಂ ಎಂಬ ಖಾಸಗಿ ರೇಡಿಯೊ ಕೇಂದ್ರ ಪ್ರಸಾರ ಆರಂಭಿಸಿತು. ಅದು ಮೊದಲ ದಿನದಿಂದ ಕೊಲೆಯ ಮಾತನಾಡಿದ್ದರೆ ಅದನ್ನು ಬಹುಶಃ ಹೆಚ್ಚು ಜನ ಕೇಳುತ್ತಿರಲಿಲ್ಲ. ಜನಪ್ರಿಯ ಹಾಡುಗಳು, ಕಟ್ಟೆಯ ಹರಟೆಯಂಥ ಮಾತುಕತೆ, ಹಾಸ್ಯ ಇವುಗಳಿಂದ ಅದು ಮನೆಮಾತಾಯಿತು. ಆ ಸಲುಗೆಯ ನಡುವೆ ಅಲ್ಲಿನ ಅಲ್ಪಸಂಖ್ಯಾತ ಸಮುದಾಯವಾದ ತುತ್ಸಿಗಳನ್ನು 'ಇನ್ಯೆಂಜಿ', ಅಂದರೆ ಜಿರಲೆಗಳು, ಎಂದು ಕರೆಯುವುದು ರೂಢಿಯಾಯಿತು. ಅವರು ಬಹುಸಂಖ್ಯಾತರಾದ ಹುಟುಗಳನ್ನು ನಿರ್ಮೂಲ ಮಾಡಲು ಹೊಂಚು ಹಾಕಿದ್ದಾರೆಂಬ ಮಾತು ದಿನವೂ ಕೇಳಿಬಂತು. ತಾನು ಮಾಡಲು ಹೊರಟಿರುವುದನ್ನೇ ಎದುರಿನವರು ಮಾಡಲಿದ್ದಾರೆಂದು ಆರೋಪಿಸುವ ಈ ತಂತ್ರವನ್ನು ವಿದ್ವಾಂಸರು 'ಕನ್ನಡಿಯ ಆರೋಪ' ಎಂಬ ಅರ್ಥ ಬರುವ ಹೆಸರಿನಿಂದ ಕರೆಯುತ್ತಾರೆ. 1994ರ ಏಪ್ರಿಲ್‌ನಿಂದ ಸುಮಾರು 100 ದಿನಗಳಲ್ಲಿ ಲಕ್ಷಾಂತರ ಜನರ ಕೊಲೆಯಾಯಿತು. 2003ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿಯೊಂದು ಆ ರೇಡಿಯೊದ ಇಬ್ಬರು ಸ್ಥಾಪಕರನ್ನೂ ಒಬ್ಬ ಪತ್ರಿಕೆಯ ಸಂಪಾದಕನನ್ನೂ ಅಪರಾಧಿಗಳೆಂದು ಘೋಷಿಸಿತು.

ಆದರೆ ರೇಡಿಯೊವನ್ನೊಂದೇ ದೂರಿ ಮುಗಿಸುವುದು ತಪ್ಪಾಗುತ್ತದೆ. ಆ ಪ್ರಸಾರ ತಲುಪಿದ ಹಳ್ಳಿಗಳನ್ನೂ ಗುಡ್ಡಗಳ ಅಡ್ಡಿಯಿಂದ ತಲುಪದ ಹಳ್ಳಿಗಳನ್ನೂ ಹೋಲಿಸಿ ನೋಡಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಹಿಂಸೆಯಲ್ಲಿ ಭಾಗವಹಿಸಿದವರ ಪೈಕಿ ಸುಮಾರು ಶೇ 10ರಷ್ಟನ್ನು ರೇಡಿಯೊದ ಪ್ರಭಾವಕ್ಕೆ ಹೇಳಬಹುದೆಂದು ಅದು ಅಂದಾಜಿಸಿತು. ಜೈಲಿನಲ್ಲಿದ್ದ ಅಪರಾಧಿಗಳನ್ನು ಸಂದರ್ಶಿಸಿದ ಸ್ಕಾಟ್ ಸ್ಟ್ರಾಸ್ ಎಂಬ ವಿದ್ವಾಂಸರಿಗೆ ಹೆಚ್ಚಿನವರು ಹೇಳಿದ್ದು, ತಮ್ಮನ್ನು ಹೊರಡಿಸಿದ್ದು ರೇಡಿಯೊ ಅಲ್ಲ, ಮನೆ ಬಾಗಿಲಿಗೆ ಬಂದು ಕರೆದ ಪರಿಚಿತರು ಎಂದು. ಈ ಎರಡನ್ನೂ ಜೊತೆಗಿಟ್ಟು ನೋಡಿದಾಗ ನನಗೆ ಕಾಣುವುದು ಇಷ್ಟು: ದೂರದ ದನಿ ಧೈರ್ಯ ಕೊಡುತ್ತದೆ, ಹತ್ತಿರದವನ ದನಿ ಹೆಜ್ಜೆ ಇಡಿಸುತ್ತದೆ. ಹತ್ತಿರದವನ ದನಿಗೆ ಇಡಿಸಿದ ಹೆಜ್ಜೆಯನ್ನು ತಡೆಯುವ ಶಕ್ತಿಯೂ ಅಷ್ಟೇ ಇದೆ. ಮುಂದೆ ಹೇಳುವುದೆಲ್ಲ ಈ ನಂಬಿಕೆಯ ಮೇಲೆ ನಿಂತಿದೆ.

ಹೆಜ್ಜೆ 1: ಮಾತಿನ ಒರಟುತನವನ್ನಲ್ಲ, ಅದು ನಿಮ್ಮಿಂದ ಬೇಡುವುದನ್ನು ನೋಡಿ

ಬೈಗುಳವೆಲ್ಲ ಅಪಾಯಕಾರಿಯಲ್ಲ, ಸಭ್ಯ ಭಾಷೆಯೆಲ್ಲ ನಿರಪಾಯವೂ ಅಲ್ಲ. ಸರ್ಕಾರವನ್ನು, ಮಠವನ್ನು, ಪಕ್ಷವನ್ನು, ಒಂದು ಆಚರಣೆಯನ್ನು ಕಟುವಾಗಿ ಟೀಕಿಸುವುದು ಪ್ರಜೆಯ ಹಕ್ಕು. ಅದನ್ನು ದ್ವೇಷವೆಂದು ಕರೆದು ಬಾಯಿ ಮುಚ್ಚಿಸುವುದು ಇನ್ನೊಂದು ಬಗೆಯ ಕೇಡು. ಅದೇ ಹೊತ್ತಿಗೆ, ಸಂಸ್ಕೃತ ಶ್ಲೋಕದಿಂದಲೋ ದೇಶಪ್ರೇಮದ ಮಾತಿನಿಂದಲೋ ಶುರುವಾಗಿ, ಒಂದೂ ಅಶ್ಲೀಲ ಪದವಿಲ್ಲದೆ, ಒಂದು ಬೀದಿಯ ಜನರೆಲ್ಲ ನಿಮ್ಮ ಮಕ್ಕಳಿಗೆ ಅಪಾಯವೆಂದು ನಂಬಿಸುವ ಸಂದೇಶಗಳೂ ಇವೆ.

ಸಂದೇಶವನ್ನು ಓದುವಾಗ ಕೆಲವು ಪ್ರಶ್ನೆಗಳನ್ನು ನಿಮಗೆ ನೀವೇ ಕೇಳಿಕೊಳ್ಳಿ. ಒಬ್ಬನ ಅಥವಾ ಕೆಲವರ ಕೃತ್ಯವನ್ನು ಒಂದಿಡೀ ಸಮುದಾಯದ ತಲೆಗೆ ಕಟ್ಟಲಾಗಿದೆಯೇ? ಮನುಷ್ಯರನ್ನು ಹುಳ, ಹಾವು, ಕ್ರಿಮಿ, ರೋಗ, ಕಸ ಎಂದು ಕರೆಯಲಾಗಿದೆಯೇ? 'ಅವರು ಸಿದ್ಧರಾಗುತ್ತಿದ್ದಾರೆ, ನಾವು ಮಲಗಿದ್ದೇವೆ' ಎಂಬ ಧಾಟಿಯಿದೆಯೇ? ನಮ್ಮ ಹೆಣ್ಣುಮಕ್ಕಳ, ಮಕ್ಕಳ ಹೆಸರೆತ್ತಿ ರಕ್ತ ಕುದಿಸಲಾಗುತ್ತಿದೆಯೇ? ಇದನ್ನು ಒಪ್ಪದವನು ನಮ್ಮವನೇ ಅಲ್ಲ, ದ್ರೋಹಿ ಎಂದು ನಮ್ಮೊಳಗಿನವರನ್ನೇ ಬೆದರಿಸಲಾಗುತ್ತಿದೆಯೇ? ಕೊನೆಯದಾಗಿ, ಇಂಥ ದಿನ, ಇಂಥ ಜಾಗ, ಇಂಥ ಕೆಲಸ ಎಂಬ ಕರೆ ಇದೆಯೇ? ಈ ಕೊನೆಯ ಪ್ರಶ್ನೆಗೆ 'ಹೌದು' ಎಂಬ ಉತ್ತರ ಬಂದರೆ ಉಳಿದ ಹೆಜ್ಜೆಗಳನ್ನು ಬಿಟ್ಟು ನೇರವಾಗಿ ಆರನೆಯದಕ್ಕೆ ಹೋಗಿ.

ನಾಲ್ಕನೆಯ ಪ್ರಶ್ನೆಯ ಬಗ್ಗೆ ಒಂದು ಮಾತು. ಮಕ್ಕಳ ಸುರಕ್ಷತೆಯ ಹೆಸರಿನಲ್ಲಿ ಬಂದ ಸಂದೇಶವನ್ನು ಅನುಮಾನಿಸಲು ತಾಯಂದಿರಿಗೆ, ಅಜ್ಜಿಯರಿಗೆ ಕಷ್ಟವಾಗುತ್ತದೆ, ಅದು ಸಹಜ. ಬರೆದವನಿಗೂ ಅದು ಗೊತ್ತಿರುತ್ತದೆ.

ಹೆಜ್ಜೆ 2: ಸಮಯ ಮತ್ತು ಜಾಗವನ್ನು ಅಳೆಯಿರಿ

ಒಂದೇ ಮಾತು ಜನವರಿಯಲ್ಲಿ ಯಾರ ಗಮನಕ್ಕೂ ಬಾರದೆ ಹೋಗಬಹುದು, ಗಣೇಶನ ಮೆರವಣಿಗೆಯ ಹಿಂದಿನ ರಾತ್ರಿ ಅದೇ ಮಾತಿಗೆ ಕಲ್ಲು ಎದ್ದೇಳಬಹುದು. ಹೇಳಿದವರು ಯಾರು, ಅವರ ಮಾತಿಗೆ ಆ ಊರಿನಲ್ಲಿ ತೂಕವಿದೆಯೇ, ಕೇಳುವವರು ಈಗಾಗಲೇ ಯಾವುದಾದರೂ ಸಂಕಟದಲ್ಲಿದ್ದಾರೆಯೇ, ಹತ್ತಿರದಲ್ಲಿ ಹಬ್ಬ, ಚುನಾವಣೆ, ಬಂದ್, ನ್ಯಾಯಾಲಯದ ತೀರ್ಪು ಇದೆಯೇ, ಹಿಂದೆ ಅಲ್ಲಿ ಗಲಭೆಯಾಗಿತ್ತೇ ಎಂಬುದನ್ನು ಗಮನಿಸಿ. ಇವುಗಳಲ್ಲಿ ಎರಡು ಮೂರು ಕೂಡಿಬಂದಿದ್ದರೆ ಸಣ್ಣ ಮಾತನ್ನೂ ದೊಡ್ಡದೆಂದು ತಿಳಿದು ನಡೆಯಿರಿ.

ಹೆಜ್ಜೆ 3: ಕಳಿಸುವ ಮುನ್ನ ನಿಲ್ಲಿ; ನಿಜವಾಗಿದ್ದರೂ ನಿಲ್ಲಿ

ಸುಳ್ಳು ಸುದ್ದಿಯ ಬಗ್ಗೆ ಎಲ್ಲರೂ ಎಚ್ಚರಿಸುತ್ತಾರೆ, ಅದು ಸರಿಯೂ ಹೌದು. 2018ರಲ್ಲಿ ದೇಶದ ಹಲವು ಕಡೆ ಮಕ್ಕಳ ಕಳ್ಳರ ವದಂತಿ ಹಬ್ಬಿದಾಗ ಹರಿದಾಡಿದ ಒಂದು ವಿಡಿಯೊದಲ್ಲಿ, ಬೈಕಿನಲ್ಲಿ ಬಂದ ಇಬ್ಬರು ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ತಯಾರಿಸಿದ ಜಾಹೀರಾತು. ಮೂಲದಲ್ಲಿ ಅವರು ಮಗುವನ್ನು ಮರಳಿ ತಂದು ಬಿಟ್ಟು, ಸಂದೇಶದ ಫಲಕ ತೋರಿಸುತ್ತಾರೆ. ಆ ಕೊನೆಯ ಕ್ಷಣಗಳನ್ನು ಕತ್ತರಿಸಿದವನು ಒಂದೂ ಸುಳ್ಳು ಪದ ಸೇರಿಸದೆ ಅದನ್ನು ಕೊಲೆಯ ಆಯುಧವಾಗಿಸಿದ. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿಕೊಂಡು ಬಂದಿದ್ದ ರಾಜಸ್ಥಾನದ ಯುವಕನೊಬ್ಬನನ್ನು ಗುಂಪು ಹೊಡೆದು ಕೊಂದಿತು. ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ ಹೈದರಾಬಾದಿನಿಂದ ಬಂದಿದ್ದ ಗೆಳೆಯರ ತಂಡವೊಂದು ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅನುಮಾನಕ್ಕೆ ಕಾರಣವಾಯಿತು. ಅವರು ಕಾರಿನಲ್ಲಿ ಹೊರಟಾಗ ಅವರಿಗಿಂತ ಮೊದಲೇ ವಾಟ್ಸ್ಆ್ಯಪ್ ಸಂದೇಶ ಮುರ್ಕಿ ಗ್ರಾಮ ತಲುಪಿತ್ತು, ಅಲ್ಲಿ ರಸ್ತೆಗೆ ಅಡ್ಡಗಟ್ಟಿ ಜನ ಕಾದಿದ್ದರು. ಒಬ್ಬ ಸತ್ತ, ರಕ್ಷಿಸಲು ಹೋದ ಪೊಲೀಸರೂ ಗಾಯಗೊಂಡರು. ಬಂಧಿತರಲ್ಲಿ ವಾಟ್ಸ್ಆ್ಯಪ್ ಗುಂಪಿನ ಅಡ್ಮಿನ್ ಕೂಡ ಇದ್ದ. ಆ ತಿಂಗಳಲ್ಲೇ ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸಬಹುದೆಂಬ ಮಿತಿ ಹಾಕಿತು.

ಆದ್ದರಿಂದ ವಿಡಿಯೊ ಬಂದಾಗ ಅದು ಎಲ್ಲಿಯದು, ಯಾವಾಗಿನದು, ಮೊದಲಿನ ಮತ್ತು ಕೊನೆಯ ಭಾಗ ಎಲ್ಲಿ ಎಂದು ಕೇಳಿ. ಹಿನ್ನೆಲೆಯಲ್ಲಿರುವ ಅಂಗಡಿಯ ಬೋರ್ಡು, ವಾಹನದ ನಂಬರ್ ಪ್ಲೇಟು, ಜನರಾಡುವ ಭಾಷೆ ಎಷ್ಟೋ ಸಲ ಉತ್ತರ ಹೇಳುತ್ತವೆ. ವಿಡಿಯೊದ ಒಂದು ದೃಶ್ಯವನ್ನು ಸ್ಕ್ರೀನ್‌ಶಾಟ್ ತೆಗೆದು ಗೂಗಲ್‌ನ ಚಿತ್ರ ಹುಡುಕಾಟದಲ್ಲಿ ಹಾಕಿದರೆ ಹಳೆಯ ಮೂಲ ಸಿಗಬಹುದು. ಸಂಬಂಧಪಟ್ಟ ಊರಿನಲ್ಲಿ ನಿಮಗೆ ಪರಿಚಯದವರಿದ್ದರೆ ಒಂದು ಫೋನು ಮಾಡಿ ಕೇಳುವುದು ಇದೆಲ್ಲಕ್ಕಿಂತ ಒಳ್ಳೆಯದು.

ಆದರೆ ನಾನು ಹೆಚ್ಚು ಒತ್ತಿ ಹೇಳಬೇಕಾದ ವಿಷಯ ಬೇರೆಯದು. ಸುದ್ದಿ ಸುಳ್ಳೇ ಆಗಿರಬೇಕೆಂದಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಕಾವೇರಿ ನೀರು ಬಿಡುವಂತೆ ಸುಪ್ರೀಂ ಕೋರ್ಟ್ ಆದೇಶಿಸಿದ ಬಳಿಕ, ಕನ್ನಡದ ನಟರನ್ನು ಗೇಲಿ ಮಾಡಿದನೆಂದು ಬೆಂಗಳೂರಿನಲ್ಲಿ ತಮಿಳು ಯುವಕನೊಬ್ಬನನ್ನು ಥಳಿಸಿ, ಅದನ್ನು ವಿಡಿಯೊ ಮಾಡಿ ಹರಿಯಬಿಡಲಾಯಿತು. ಅದಾದ ಮೇಲೆ ತಮಿಳುನಾಡಿನಲ್ಲಿ ಕರ್ನಾಟಕದವರ ಮೇಲೆ, ಕರ್ನಾಟಕದ ವಾಹನಗಳ ಮೇಲೆ ಹಲ್ಲೆಗಳಾದವು. ಆ ದೃಶ್ಯಗಳು ಇಲ್ಲಿ ಟಿ.ವಿ.ಯಲ್ಲಿ ಮತ್ತೆ ಮತ್ತೆ ಪ್ರಸಾರವಾದವು. ಸೆಪ್ಟೆಂಬರ್ 12ರಂದು ಬೆಂಗಳೂರು ಹೊತ್ತಿ ಉರಿಯಿತು. ಡಿಪೊ ಒಂದರಲ್ಲಿ ನಿಂತಿದ್ದ ಹತ್ತಾರು ಬಸ್ಸುಗಳು ಬೂದಿಯಾದವು. 16 ಪೊಲೀಸ್ ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಹಾಕಬೇಕಾಯಿತು, ಪೊಲೀಸರ ಗುಂಡಿಗೆ ಜೀವ ಹೋಯಿತು. ಆ ಹಲ್ಲೆಯ ದೃಶ್ಯಗಳು ಕಟ್ಟುಕಥೆಯಾಗಿರಲಿಲ್ಲ. ಸುಳ್ಳಾದದ್ದು, ನಾಲ್ಕೈದು ಜನ ಮಾಡಿದ್ದನ್ನು ಒಂದು ಭಾಷೆಯವರೆಲ್ಲ ಮಾಡಿದರೆಂದು ನಾವು ಓದಿಕೊಂಡ ಬಗೆ. ಎರಡೂ ಕಡೆ ಒಂದೇ ಓದು ನಡೆಯಿತು. ಒಂದು ಹಲ್ಲೆಯ ವಿಡಿಯೊಗೆ ಇನ್ನೊಂದು ಹಲ್ಲೆ ಉತ್ತರವಾಯಿತು, ಆ ಉತ್ತರದ ವಿಡಿಯೊ ಮತ್ತೊಂದಕ್ಕೆ ಪ್ರಶ್ನೆಯಾಯಿತು. ಕಾವೇರಿಯ ಬಗ್ಗೆ ನಮ್ಮ ರೈತರ ನೋವು ನಿಜವಾದದ್ದೇ. ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದ ತಮಿಳು ಕುಟುಂಬದ ಬಾಗಿಲು ಬಡಿಯುವುದರಿಂದ ಮಂಡ್ಯದ ಗದ್ದೆಗೆ ಒಂದು ಹನಿ ನೀರೂ ಬರುವುದಿಲ್ಲವೆಂಬುದೂ ಅಷ್ಟೇ ನಿಜ.

ಹೀಗಾಗಿ ಕಳಿಸುವ ಮುನ್ನ 'ಇದು ಸತ್ಯವೇ' ಎಂಬುದರ ಜೊತೆಗೆ ಇನ್ನೊಂದನ್ನೂ ಕೇಳಿಕೊಳ್ಳಬೇಕು: 'ಇದನ್ನು ನೋಡಿದವರು ಯಾರ ಮೇಲೆ ಸಿಟ್ಟಾಗುತ್ತಾರೆ, ಆ ಕೆಲಸ ಮಾಡಿದವರು ನಿಜವಾಗಿ ಅವರೇ?' ಅಲ್ಲ ಎಂದಾದರೆ ಆ ವಿಡಿಯೊ ನಿಮ್ಮ ಫೋನಿನಲ್ಲೇ ಉಳಿಯಲಿ. ಸಾಕ್ಷ್ಯವೆಂದು ಕಂಡರೆ ಪೊಲೀಸರಿಗೆ ಕೊಡಿ.

ಹೆಜ್ಜೆ 4: ಕಳಿಸಿದವರೊಡನೆ ಒಬ್ಬೊಬ್ಬರಾಗಿ, ಗುಂಪಿನೊಡನೆ ಒಂದೇ ವಾಕ್ಯದಲ್ಲಿ

ಕುಟುಂಬದ ಗುಂಪಿನಲ್ಲಿ ಹಿರಿಯರೊಬ್ಬರು ಇಂಥ ಸಂದೇಶ ಹಾಕಿದಾಗ ಎಲ್ಲರ ಮುಂದೆ ಅವರನ್ನು ತಿದ್ದಲು ಹೋದರೆ ಅವರು ಸಂದೇಶವನ್ನಲ್ಲ, ತಮ್ಮ ಮರ್ಯಾದೆಯನ್ನು ಕಾಪಾಡಿಕೊಳ್ಳಲು ನಿಲ್ಲುತ್ತಾರೆ. ಆಗ ನೀವು ಎಷ್ಟು ಪುರಾವೆ ಕೊಟ್ಟರೂ ಅದು ಅವರ ಹಟವನ್ನು ಹೆಚ್ಚಿಸುತ್ತದೆ. ಬೇರೆಯಾಗಿ ಫೋನು ಮಾಡಿ. ಅವರ ಕಾಳಜಿಯನ್ನು ಮೊದಲು ಒಪ್ಪಿಕೊಳ್ಳಿ, ಏಕೆಂದರೆ ಬಹುಪಾಲು ಅದು ನಿಜವಾದ ಕಾಳಜಿಯೇ ಆಗಿರುತ್ತದೆ. 'ಚಿಕ್ಕಪ್ಪ, ನೀವು ಮಕ್ಕಳ ವಿಷಯಕ್ಕೆ ಹೆದರಿಕೊಂಡೇ ಕಳಿಸಿದ್ದೀರಿ, ನನಗೆ ಗೊತ್ತು. ನಾನು ವಿಚಾರಿಸಿ ನೋಡಿದೆ, ಅದು ನಮ್ಮ ಊರಿನದ್ದಲ್ಲ, ಹಳೆಯದು. ಯಾರಾದರೂ ಇದನ್ನು ನಂಬಿ ದಾರಿಯಲ್ಲಿ ಹೋಗುವವರಿಗೆ ಹೊಡೆದುಬಿಟ್ಟರೆ ನಿಮ್ಮ ಮನಸ್ಸಿಗೇ ನೋವಾಗುತ್ತೆ. ನೀವೇ ಅದನ್ನು ಅಳಿಸಿದರೆ ಎಲ್ಲರೂ ಕೇಳ್ತಾರೆ' ಎಂಬಂಥ ಮಾತು ಸಾಕು. ಅಳಿಸುವ ಗೌರವವನ್ನು ಅವರಿಗೇ ಬಿಡುವುದು ಇಲ್ಲಿ ಮುಖ್ಯ.

ಹಾಗೆಂದು ಗುಂಪಿನಲ್ಲಿ ಏನೂ ಹೇಳದೆ ಇರಬಾರದು. ಅಲ್ಲಿ ಐವತ್ತು ಜನ ಓದಿ ಸುಮ್ಮನಿದ್ದಾರೆ. ಅವರಲ್ಲಿ ಮೂವತ್ತು ಜನಕ್ಕೆ ಇರುಸುಮುರುಸಾಗಿರಬಹುದು, ಆದರೆ ಪ್ರತಿಯೊಬ್ಬರೂ ಉಳಿದವರೆಲ್ಲ ಒಪ್ಪಿದ್ದಾರೆಂದು ಎಣಿಸುತ್ತಾರೆ. 1950ರ ದಶಕದಲ್ಲಿ ಸಾಲಮನ್ ಆ್ಯಶ್ ಎಂಬ ಮನೋವಿಜ್ಞಾನಿ ನಡೆಸಿದ ಪ್ರಯೋಗಗಳಲ್ಲಿ, ಕಣ್ಣೆದುರಿನ ಗೆರೆಯ ಉದ್ದವನ್ನು ಸುತ್ತಲಿನವರೆಲ್ಲ ತಪ್ಪಾಗಿ ಹೇಳಿದಾಗ ಅನೇಕರು ತಾವೂ ಅದೇ ತಪ್ಪನ್ನು ಹೇಳಿದರು. ಗುಂಪಿನಲ್ಲಿ ಒಬ್ಬನೇ ಒಬ್ಬ ಬೇರೆ ಉತ್ತರ ಕೊಟ್ಟಾಗ ಆ ಒತ್ತಡ ಬಹಳಷ್ಟು ಇಳಿಯಿತು. ರುವಾಂಡದಲ್ಲೇ ನರಮೇಧದ ನಂತರ ಸಮನ್ವಯಕ್ಕಾಗಿ ಪ್ರಸಾರವಾದ ಒಂದು ರೇಡಿಯೊ ನಾಟಕದ ಪರಿಣಾಮವನ್ನು ಬೆಟ್ಸಿ ಲೆವಿ ಪಲಕ್ ಎಂಬ ಸಂಶೋಧಕಿ ಒಂದು ವರ್ಷ ಅಧ್ಯಯನ ಮಾಡಿ 2009ರಲ್ಲಿ ಪ್ರಕಟಿಸಿದರು. ಕೇಳುಗರ ಸ್ವಂತ ನಂಬಿಕೆಗಳು ಅಷ್ಟಾಗಿ ಬದಲಾಗಿರಲಿಲ್ಲ. ಆದರೆ ತಮ್ಮ ಸಮುದಾಯದಲ್ಲಿ ಯಾವುದು ಒಪ್ಪಿತ ನಡತೆ ಎಂಬ ಬಗ್ಗೆ ಅವರಿಗಿದ್ದ ತಿಳಿವಳಿಕೆ ಬದಲಾಗಿತ್ತು, ಅದರೊಂದಿಗೆ ನಡತೆಯೂ ಒಂದಿಷ್ಟು ಬದಲಾಗಿತ್ತು. ಎಲ್ಲರ ಮನಸ್ಸನ್ನು ಬದಲಿಸುವ ಹೊರೆಯನ್ನು ನೀವು ಹೊರಬೇಕಾಗಿಲ್ಲ ಎಂಬ ಭರವಸೆಯನ್ನು ಈ ಅಧ್ಯಯನದಿಂದ ನಾನು ಪಡೆದಿದ್ದೇನೆ. ಇಲ್ಲಿ ಎಲ್ಲರೂ ಇದನ್ನು ಒಪ್ಪಿಲ್ಲವೆಂದು ತಿಳಿಯುವಂತೆ ಮಾಡಿದರೂ ದೊಡ್ಡ ಕೆಲಸವಾಗುತ್ತದೆ.

ಆ ವಾಕ್ಯ ಚಿಕ್ಕದಾಗಿರಲಿ, ವಾದಕ್ಕೆ ಎಡೆ ಕೊಡದಿರಲಿ. 'ಈ ಸಂದೇಶ ನಿಜವಲ್ಲ, ದಯವಿಟ್ಟು ಯಾರೂ ಮುಂದೆ ಕಳಿಸಬೇಡಿ.' 'ತಪ್ಪು ಮಾಡಿದವರಿಗೆ ಶಿಕ್ಷೆಯಾಗಲಿ, ಅವರ ಜಾತಿಯವರನ್ನೆಲ್ಲ ಬೈಯುವುದು ನನಗೆ ಒಪ್ಪಿಗೆಯಿಲ್ಲ.' 'ಅವರು ನಮ್ಮ ನೆರೆಯವರು, ಹೀಗೆ ಮಾತನಾಡುವುದು ಬೇಡ.' ಅಲ್ಲಗಳೆಯುವಾಗ ಮೂಲ ಸುಳ್ಳನ್ನು ಪೂರ್ತಿಯಾಗಿ ಮತ್ತೆ ಬರೆಯಬೇಡಿ. ಪುನರುಕ್ತಿ ಏನು ಮಾಡುತ್ತದೆಂದು ಮೇಲೆ ನೋಡಿದ್ದೇವೆ. ಬೈದವರನ್ನು ತಿರುಗಿ ಬೈಯುವುದೂ ಬೇಡ. ಇನ್ನಿಬ್ಬರು ಗೆಳೆಯರಿಗೆ ಮೊದಲೇ ತಿಳಿಸಿ, ನೀವು ಬರೆದೊಡನೆ ಅವರೂ 'ನನ್ನ ಅಭಿಪ್ರಾಯವೂ ಇದೇ' ಎಂದು ಸೇರಿಸುವಂತೆ ಕೇಳಿಕೊಂಡರೆ ನಿಮ್ಮ ವಾಕ್ಯಕ್ಕೆ ಹತ್ತು ಪಟ್ಟು ಬಲ ಬರುತ್ತದೆ. ನೀವೇ ಅಡ್ಮಿನ್ ಆಗಿದ್ದರೆ ಸಂದೇಶವನ್ನು ಅಳಿಸಿ, ಅಗತ್ಯವಿದ್ದರೆ ಗುಂಪಿನಲ್ಲಿ ಅಡ್ಮಿನ್‌ಗಳಷ್ಟೇ ಬರೆಯುವಂತೆ ಒಂದೆರಡು ದಿನ ಸೆಟ್ಟಿಂಗ್ ಬದಲಿಸಿ.

ಎದುರಿನವರು ಕುಡಿದಿದ್ದರೆ, ಕೈಯಲ್ಲಿ ದೊಣ್ಣೆಯಿದ್ದರೆ, ಗುಂಪು ಆಗಲೇ ಸೇರಿದ್ದರೆ ಈ ಯಾವುದನ್ನೂ ಒಬ್ಬರೇ ಮಾಡಲು ಹೋಗಬೇಡಿ.

ಹೆಜ್ಜೆ 5: ಗುರಿಯಾದವರ ಬಳಿ ಹೋಗಿ

ಹಾನಿಕರ ಮಾತನ್ನು ಎದುರಿಸುವ ಎಷ್ಟೋ ಸಲಹೆಗಳು ಮಾತನಾಡಿದವನ ಸುತ್ತಲೇ ಸುತ್ತುತ್ತವೆ. ಆ ಮಾತಿಗೆ ಗುರಿಯಾದ ಮನುಷ್ಯ ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದಾನೆಂದು ಯಾರೂ ಕೇಳುವುದಿಲ್ಲ. 2012ರಲ್ಲಿ ನಮ್ಮ ಬೀದಿಯ ಕೊನೆಯ ಕಟ್ಟಡಕ್ಕೆ ಅಸ್ಸಾಮಿನ ಒಬ್ಬ ಹುಡುಗ ಕಾವಲಿಗಿದ್ದ. ಆ ವಾರ ಒಂದು ಸಂಜೆ ಅವನು ಗೇಟಿನ ಬಳಿ ಫೋನು ಹಿಡಿದು, ಬಂದುಹೋಗುವವರನ್ನೆಲ್ಲ ಬೇರೆ ರೀತಿಯಲ್ಲಿ ನೋಡುತ್ತ ನಿಂತಿದ್ದ. ನಾನು ಎಂದಿನಂತೆ ತಲೆಯಾಡಿಸಿ ಒಳಗೆ ಹೋದೆ. ಮರುದಿನ ಅವನ ಕುರ್ಚಿ ಖಾಲಿಯಿತ್ತು. 'ಏನಾಯಿತು, ಹೆದರಬೇಡ, ನಾವಿದ್ದೇವೆ' ಎನ್ನಲು ಒಂದು ನಿಮಿಷ ಸಾಕಾಗುತ್ತಿತ್ತು. ಅಷ್ಟರಿಂದ ಅವನು ಉಳಿಯುತ್ತಿದ್ದನೋ ಇಲ್ಲವೋ. ಅವನು ಮೂರು ದಿನದ ಆ ಪ್ರಯಾಣವನ್ನು, ಈ ನಗರದಲ್ಲಿ ತನ್ನನ್ನು ಯಾರೂ ಬೇಡವೆನ್ನಲಿಲ್ಲವೆಂದಾದರೂ ತಿಳಿದು ಮಾಡುತ್ತಿದ್ದ. ಅದನ್ನು ನೆನೆದರೆ ಇಂದಿಗೂ ನನಗೆ ಸಂಕಟವಾಗುತ್ತದೆ.

ಆದ್ದರಿಂದ ವದಂತಿ ಹಬ್ಬಿದ ದಿನವೇ ಆ ಸಮುದಾಯದ ನಿಮ್ಮ ಪರಿಚಿತರಿಗೆ ಫೋನು ಮಾಡಿ, ಸಾಧ್ಯವಾದರೆ ಮನೆಗೇ ಹೋಗಿ. ಅವರು ನಿತ್ಯ ಓಡಾಡುವ ದಾರಿ, ಮಕ್ಕಳ ಶಾಲೆ, ರಾತ್ರಿ ಪಾಳಿಯ ಕೆಲಸದ ಬಗ್ಗೆ ಕೇಳಿ. ಯಾವುದಕ್ಕಾದರೂ ಜೊತೆ ಬೇಕೇ ಎಂದು ವಿಚಾರಿಸಿ. ಅವರ ಅಂಗಡಿಯಿಂದ ಎಂದಿನಂತೆ ಸಾಮಾನು ತನ್ನಿ. ಅವರ ಪರವಾಗಿ ನೀವು ಏನು ಮಾಡಬೇಕೆಂಬುದನ್ನು ಅವರಿಂದಲೇ ತಿಳಿಯಿರಿ; ಕೆಲವರಿಗೆ ಆ ವಿಷಯ ಮತ್ತೆ ಗುಂಪಿನಲ್ಲಿ ಚರ್ಚೆಯಾಗುವುದೇ ಬೇಡವಾಗಿರುತ್ತದೆ.

ಹೆಜ್ಜೆ 6: ಪೊಲೀಸರಿಗೆ ತಿಳಿಸಬೇಕಾದಾಗ

ಹಿಂಸೆಗೆ ನೇರ ಕರೆ, ದಿನ ಮತ್ತು ಜಾಗದ ಉಲ್ಲೇಖ, ಆಯುಧದ ಮಾತು, ನಿರ್ದಿಷ್ಟ ಮನೆ ಅಥವಾ ವ್ಯಕ್ತಿಯ ಚಿತ್ರ ಇವುಗಳಲ್ಲಿ ಒಂದಿದ್ದರೂ ಚರ್ಚೆಗೆ ಕೂಡಬೇಡಿ. ಗುಂಪು ಸೇರುತ್ತಿದ್ದರೆ 112ಕ್ಕೆ ಕರೆ ಮಾಡಿ. ಇಲ್ಲವಾದರೆ ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.

ಅದಕ್ಕೂ ಮೊದಲು ಸಾಕ್ಷ್ಯ ಉಳಿಸಿಕೊಳ್ಳಿ. ಕಳಿಸಿದವರ ಫೋನ್ ನಂಬರು, ಗುಂಪಿನ ಹೆಸರು, ದಿನಾಂಕ ಮತ್ತು ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಫೇಸ್‌ಬುಕ್, ಯೂಟ್ಯೂಬ್‌ನಲ್ಲಿದ್ದರೆ ಲಿಂಕ್ ನಕಲಿಸಿಕೊಳ್ಳಿ. ಮೂಲ ಸಂದೇಶವನ್ನು ನಿಮ್ಮ ಫೋನಿನಿಂದ ಅಳಿಸಬೇಡಿ. ನೀವೇ ಅಡ್ಮಿನ್ ಆಗಿದ್ದರೆ ಇವನ್ನೆಲ್ಲ ತೆಗೆದುಕೊಂಡ ಮೇಲಷ್ಟೇ ಗುಂಪಿನಿಂದ ತೆಗೆದುಹಾಕಿ. ಸಾಕ್ಷ್ಯವನ್ನು 'ನೋಡಿ ಎಂಥ ಜನ' ಎಂದು ಬೇರೆ ಗುಂಪುಗಳಿಗೆ ಹಾಕುವುದು ಅದೇ ಮಾತಿಗೆ ಇನ್ನೊಂದು ದಾರಿ ಮಾಡಿಕೊಟ್ಟಂತೆ.

ಕಾನೂನಿನ ವಿಷಯ ಚಿಕ್ಕದಾಗಿ ಹೇಳುವುದಾದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂ ಗುಂಪುಗಳ ನಡುವೆ ವೈರ ಬೆಳೆಸುವ ಮಾತಿಗೆ, 299ನೇ ಕಲಂ ಧಾರ್ಮಿಕ ಭಾವನೆಗೆ ಬೇಕೆಂದೇ ಧಕ್ಕೆ ತರುವುದಕ್ಕೆ, 353ನೇ ಕಲಂ ವದಂತಿ ಮತ್ತು ಸುಳ್ಳು ಹೇಳಿಕೆಗಳಿಂದ ಸಾರ್ವಜನಿಕ ಶಾಂತಿ ಕೆಡಿಸುವುದಕ್ಕೆ ಸಂಬಂಧಿಸಿದೆ. ಜಾತಿಯ ಹೆಸರಿನಲ್ಲಿ ಪರಿಶಿಷ್ಟರನ್ನು ಸಾರ್ವಜನಿಕರ ಮುಂದೆ ನಿಂದಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಅನ್ವಯಿಸುತ್ತದೆ. ದ್ವೇಷ ಭಾಷಣದ ಪ್ರಕರಣಗಳಲ್ಲಿ ಯಾರೂ ದೂರು ಕೊಡದಿದ್ದರೂ ಪೊಲೀಸರೇ ಸ್ವಯಂಪ್ರೇರಿತವಾಗಿ ಪ್ರಕರಣ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೂ ನಿರ್ದೇಶಿಸಿತ್ತು. ಠಾಣೆಯಲ್ಲಿ ಹಿಂಜರಿಕೆ ಕಂಡರೆ ಇದನ್ನು ವಿನಯದಿಂದ ನೆನಪಿಸಬಹುದು. ಆದರೂ ಎಲ್ಲ ಒರಟು ಮಾತಿಗೂ ಕೇಸು ಹಾಕುವುದನ್ನು ನಾನು ಒಪ್ಪುವುದಿಲ್ಲ. ಈ ಕಲಂಗಳನ್ನು ಟೀಕಾಕಾರರ ಬಾಯಿ ಮುಚ್ಚಿಸಲು ಬಳಸುವುದು ಕಷ್ಟವಲ್ಲ, ಆಗ ಅವುಗಳ ನಿಜವಾದ ಅಗತ್ಯವಿರುವವರಿಗೆ ಅವು ಮೊಂಡಾಗುತ್ತವೆ.

ಹೆಜ್ಜೆ 7: ಶಾಂತವಾಗಿರುವ ದಿನಗಳಲ್ಲಿ ಮಾಡಿಡಬೇಕಾದ್ದು

ಗಲಭೆಯ ರಾತ್ರಿ ಹೊಸ ಪರಿಚಯ ಮಾಡಿಕೊಳ್ಳಲಾಗುವುದಿಲ್ಲ. ಹಬ್ಬಗಳಿಗೆ ಮುನ್ನ ಠಾಣೆಗಳಲ್ಲಿ ನಡೆಯುವ ಶಾಂತಿ ಸಭೆಗೆ ಮುಖಂಡರಷ್ಟೇ ಹೋಗಿ ಚಹಾ ಕುಡಿದು ಬರುವುದು ರೂಢಿ; ನಿಮ್ಮ ಬೀದಿಯಿಂದ ಒಬ್ಬ ಶಿಕ್ಷಕಿ, ಒಬ್ಬ ಅಂಗಡಿಯವರು, ಒಬ್ಬ ಕಾಲೇಜು ಹುಡುಗ ಕೂಡ ಹೋಗುವಂತೆ ನೋಡಿಕೊಳ್ಳಿ, ಏಕೆಂದರೆ ವದಂತಿ ಮೊದಲು ಮುಟ್ಟುವುದು ಅವರನ್ನು. ನಿಮ್ಮ ಗುಂಪಿನಲ್ಲಿ ಇಂದೇ ಒಂದು ನಿಯಮ ಒಪ್ಪಿಕೊಳ್ಳಿ: ಊರಿಗೆ ಅಪಾಯವೆಂಬ ಸಂದೇಶ ಬಂದರೆ ಒಬ್ಬರು ವಿಚಾರಿಸಿ ಹೇಳುವವರೆಗೆ ಯಾರೂ ಮುಂದೆ ಕಳಿಸುವುದಿಲ್ಲ ಎಂದು. ಆ ಒಬ್ಬರು ಯಾರೆಂಬುದೂ ಮೊದಲೇ ನಿರ್ಧಾರವಾಗಿರಲಿ.

ಮತ್ತೆ, ಒಂದು ಹಾಳೆಯಲ್ಲಿ ಕೆಲವು ನಂಬರುಗಳನ್ನು ಬರೆದು ಫ್ರಿಜ್ಜಿನ ಮೇಲೋ ಕ್ಯಾಲೆಂಡರಿನ ಪಕ್ಕದಲ್ಲೋ ಅಂಟಿಸಿ: ನಿಮ್ಮ ಠಾಣೆಯದು, ಬೀಟ್ ಪೊಲೀಸರದು, ಮಸೀದಿ, ಚರ್ಚು, ದೇವಸ್ಥಾನದ ಸಮಿತಿಗಳಲ್ಲಿ ನೀವು ಹೆಸರು ಹಿಡಿದು ಮಾತನಾಡಿಸಬಲ್ಲ ಒಬ್ಬೊಬ್ಬರದು, ಕಾವಲಿನ ಹುಡುಗನದು, ದೂರದ ಊರಿನಿಂದ ಬಂದು ನಿಮ್ಮ ಬೀದಿಯಲ್ಲಿ ಬಾಡಿಗೆಗಿರುವ ಕುಟುಂಬದ್ದು. ಈ ಕೊನೆಯ ಎರಡು ನಂಬರುಗಳು ನಿಮ್ಮಲ್ಲಿ ಇಲ್ಲದಿದ್ದರೆ ಈ ಸಂಜೆಯೇ ಹೋಗಿ ಕೇಳಿಕೊಂಡು ಬನ್ನಿ, ನಿಮ್ಮ ನಂಬರನ್ನೂ ಕೊಟ್ಟು ಬನ್ನಿ.